ಆರು ಜನರ ನೋ-ಲಿಮಿಟ್ ಟೇಬಲ್‌ಗೆ ನಿಮ್ಮ ಪೋಕರ್ ಆಟ ಹೊಂದಿಸಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಒಂಬತ್ತು ಜನರ ಟೇಬಲ್‌ನಲ್ಲಿ ಅಚ್ಚುಕಟ್ಟಾಗಿ ಆಡುವವರೇ ಆರು ಜನರ ಟೇಬಲ್‌ಗೆ ಬಂದ ಕೂಡಲೇ ಕೈ ಸುಟ್ಟುಕೊಳ್ಳುತ್ತಾರೆ. ಕಾರಣ ಬಹುತೇಕ ಒಂದೇ. "ಜನ ಕಡಿಮೆ ಇದ್ದಾಗ ಜಾಸ್ತಿ ಕೈ ಆಡಬೇಕು" ಅಂತ ಎಲ್ಲೋ ಕೇಳಿರುತ್ತಾರೆ. ಎಲ್ಲಿ ಜಾಸ್ತಿ ಆಡಬೇಕು ಅನ್ನುವುದನ್ನು ಯಾರೂ ಹೇಳಿರುವುದಿಲ್ಲ. ಹಾಗಾಗಿ ಮೊದಲ ಸೀಟಿನಲ್ಲಿ ಕೂತು ರಾಣಿ-ಗುಲಾಮ ಆಫ್‌ಸೂಟ್ (ಬೇರೆ ಬೇರೆ ಸೂಟಿನ ಎಲೆಗಳು) ಹಿಡಿದು ರೇಝ್ ಮಾಡುತ್ತಾರೆ, ಅಂದರೆ ಪಣ ಏರಿಸುತ್ತಾರೆ. ಸ್ಮಾಲ್ ಬ್ಲೈಂಡ್‌ನಿಂದ (ಎಲೆ ನೋಡುವ ಮೊದಲೇ ಅರ್ಧ ಪಣ ಕಟ್ಟುವ ಸೀಟು) ಸುಮ್ನೆ ಕಾಲ್ ಮಾಡುತ್ತಾರೆ, ಅಂದರೆ ಎದುರಿನವರ ಪಣಕ್ಕೆ ಸಮ ಹಾಕುತ್ತಾರೆ. ಬಟನ್‌ಗೆ (ಡೀಲರ್ ಗುರುತಿರುವ ಸೀಟು) ಬಂದಾಗ ಮಾತ್ರ ಹಳೇ ಅಭ್ಯಾಸದಂತೆ ಫೋಲ್ಡ್, ಅಂದರೆ ಎಲೆ ಕೆಳಗಿಡುವುದು. ಪೂರ್ತಿ ಉಲ್ಟಾ.

ಇಲ್ಲಿ ಹೇಳುವುದೆಲ್ಲ ನೋ-ಲಿಮಿಟ್ ಹೋಲ್ಡೆಮ್ (ಕೈಯಲ್ಲಿ ಎರಡು ಎಲೆ, ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆ, ಪಣಕ್ಕೆ ಮಿತಿ ಇಲ್ಲ) ಕ್ಯಾಶ್ ಗೇಮ್ ಬಗ್ಗೆ. ಎಲ್ಲರ ಮುಂದೆ ಸುಮಾರು 100 ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಒಬ್ಬರು ಕಟ್ಟುವ ಪೂರ್ತಿ ಪಣ) ಇದೆ ಅಂದುಕೊಳ್ಳಿ. ಮುಂದೆ ಇದನ್ನು ಬಿಬಿ ಅಂತ ಬರೆಯುತ್ತೇನೆ. ಟೂರ್ನಮೆಂಟಿನ ಸಣ್ಣ ಸ್ಟ್ಯಾಕ್ (ಮುಂದಿರುವ ಚಿಪ್ಸ್ ರಾಶಿ) ಆಟ ಬೇರೆ ವಿಷಯ, ಅದನ್ನು ಇದರ ಜೊತೆ ಬೆರೆಸಬೇಡಿ.

## ಶುರು ಮಾಡುವ ಮುನ್ನ

ಕಾನೂನು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ಹಣ ಹಾಕಿ ಆಡುವ ಆನ್‌ಲೈನ್ ಆಟ ನಡೆಸುವುದನ್ನು ಅದು ದೇಶಾದ್ಯಂತ ನಿಷೇಧಿಸುತ್ತದೆ. ಕೌಶಲದ ಆಟ ಅನ್ನುವ ವಿನಾಯಿತಿ ಅದರಲ್ಲಿ ಇಲ್ಲ. ಹಾಗಾಗಿ ಕರ್ನಾಟಕದಲ್ಲಿ ಕೂತು ಆನ್‌ಲೈನ್ ಅಭ್ಯಾಸ ಮಾಡುವವರಿಗೆ ಪುಕ್ಕಟೆ ಚಿಪ್ಸ್ ಆಟವೇ ದಾರಿ. ಗೋವಾದ ಲೈಸೆನ್ಸ್ ಇರುವ ಕ್ಯಾಸಿನೊಗಳಲ್ಲಿ, ಅಥವಾ ನ್ಯೂಜೆರ್ಸಿ, ಮಿಷಿಗನ್, ಪೆನ್ಸಿಲ್ವೇನಿಯಾದಂಥ ಕಡೆ ನೆಲೆಸಿದವರು ಅಲ್ಲಿನ ಕಾನೂನುಬದ್ಧ ಸೈಟ್‌ಗಳಲ್ಲಿ ಆಡುವಾಗ ಕೆಳಗಿನ ಲೆಕ್ಕ ಹಾಗೇ ಅನ್ವಯಿಸುತ್ತದೆ.

ಸಾಮಾನು. ಒಂದು ನೋಟ್‌ಬುಕ್, ಸೀಟುವಾರು ರೇಂಜ್ (ಆಡುವ ಕೈಗಳ ಪಟ್ಟಿ) ಚಾರ್ಟ್, ಎರಡು ಕೈಗಳ ಬಲ, ಅಂದರೆ ಗೆಲ್ಲುವ ಸಾಧ್ಯತೆ, ಹೋಲಿಸುವ ಕ್ಯಾಲ್ಕುಲೇಟರ್. ಈಕ್ವಿಲ್ಯಾಬ್ ಪುಕ್ಕಟೆ ಸಿಗುತ್ತದೆ, ಶುರುವಿಗೆ ಸಾಕು. ಪಯೋಸಾಲ್ವರ್, ಜಿಟಿಒ ವಿಝರ್ಡ್ ತರದ ಸಾಲ್ವರ್‌ಗಳು (ಅತ್ಯುತ್ತಮ ಆಟ ಯಾವುದು ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್) ಆಮೇಲೆ ಬರಲಿ. ಮೊದಲ ದಿನವೇ ಸಾಲ್ವರ್ ತೆರೆದು ಕೂತವರು ಆಟಕ್ಕಿಂತ ಬಣ್ಣದ ಚೌಕಗಳನ್ನೇ ಜಾಸ್ತಿ ನೋಡುತ್ತಾರೆ.

ಹಣ. ಕಳೆದರೂ ಮನೆ ಖರ್ಚಿಗೆ ತೊಂದರೆಯಾಗದ ದುಡ್ಡನ್ನು ಮಾತ್ರ ಬೇರೆ ತೆಗೆದಿಡಿ. ಒಂಬತ್ತು ಜನರ ಆಟಕ್ಕೆ 30 ಬೈ-ಇನ್ (ಟೇಬಲ್‌ಗೆ ಕೂರುವಾಗ ತರುವ ಮೊತ್ತ, ಇಲ್ಲಿ 100 ಬಿಬಿ) ಇಟ್ಟುಕೊಳ್ಳುತ್ತಿದ್ದರೆ ಇಲ್ಲಿಗೆ 50 ಇರಲಿ. ಯಾಕೆ ಅನ್ನುವುದು 9ನೇ ಹಂತದಲ್ಲಿದೆ.

## ಹಂತ 1: ನಿಜವಾಗಿ ಏನು ಬದಲಾಗಿದೆ ಅಂತ ಲೆಕ್ಕ ಹಾಕಿ

ಒಂಬತ್ತು ಜನರ ಟೇಬಲ್‌ನಲ್ಲಿ ಮೊದಲ ಮೂವರು ಫೋಲ್ಡ್ ಮಾಡಿದರು ಅಂದುಕೊಳ್ಳಿ. ಈಗ ಆಡಬೇಕಾದವನ ಹಿಂದೆ ಐದು ಜನ ಇದ್ದಾರೆ. ಆರು ಜನರ ಟೇಬಲ್‌ನ ಮೊದಲ ಸೀಟೂ ಇದೇ ಸ್ಥಿತಿ. ಎರಡಕ್ಕೂ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ಟೇಬಲ್ ಚಿಕ್ಕದಾದಾಗ ಮೊದಲ ಮೂರು ಸೀಟು ಮಾಯವಾಗುತ್ತವೆ, ಅಷ್ಟೇ. ಉಳಿದ ಸೀಟುಗಳ ಆಟ ಹಾಗೇ ಇರುತ್ತದೆ. ನೀವು ಆ ಸೀಟುಗಳಲ್ಲಿ ಮೊದಲೂ ಸರಿಯಾಗಿ ಆಡುತ್ತಿರಲಿಲ್ಲ ಅನ್ನುವುದು ಈಗ ಬಯಲಾಗುತ್ತದೆ.

ಬದಲಾಗುವುದು ಖರ್ಚು. ಪ್ರತಿ ಸುತ್ತಿಗೆ 1.5 ಬಿಬಿ ಬ್ಲೈಂಡ್ ಕಟ್ಟುತ್ತೀರಿ. ಒಂಬತ್ತು ಜನರಿದ್ದರೆ 100 ಕೈಗೆ ಸುಮಾರು 17 ಬಿಬಿ ಆಗುತ್ತದೆ. ಆರು ಜನರಿದ್ದರೆ 25. ನಾಲ್ವರಿದ್ದರೆ 37.5. ಮೂವರಿದ್ದರೆ 50. ಎಕ್ಕದ ಜೋಡಿಗೆ ಕಾದು ಕೂತರೆ ಚಿಪ್ಸ್ ಕರಗಿ ಹೋಗುವ ವೇಗ ಇದು.

ಇನ್ನೊಂದು ಲೆಕ್ಕ. ಹಿಂದೆ ಕೂತವರಲ್ಲಿ ಒಬ್ಬರ ಬಳಿಯಾದರೂ ಅತ್ಯುತ್ತಮ 5% ಕೈ ಇರುವ ಸಾಧ್ಯತೆ ಎಷ್ಟು? ಎಂಟು ಜನ ಬಾಕಿ ಇದ್ದರೆ ಸುಮಾರು 34%. ಐವರಿದ್ದರೆ 23%. ಬಟನ್‌ನಿಂದ ನೋಡಿದರೆ ಇಬ್ಬರೇ, ಹಾಗಾಗಿ 10%ಕ್ಕಿಂತ ತುಸು ಕಡಿಮೆ. 23ರಿಂದ 10ಕ್ಕೆ ಇಳಿಯುವ ಈ ಅಂತರದಲ್ಲೇ ಚಿಕ್ಕ ಟೇಬಲ್‌ನ ದುಡ್ಡು ಇದೆ. ಸಡಿಲ ಬಿಡಬೇಕಾದದ್ದು ಕೊನೆಯ ಸೀಟುಗಳಲ್ಲಿ ಮತ್ತು ಬಿಗ್ ಬ್ಲೈಂಡ್‌ನಲ್ಲಿ. ಮಿಕ್ಕ ಕಡೆ ಬಿಗಿಯಾಗಿಯೇ ಇರಿ.

## ಹಂತ 2: ಸೀಟುವಾರು ರೇಂಜ್ ಬರೆದುಕೊಳ್ಳಿ

ಆರು ಸೀಟುಗಳು ಕ್ರಮವಾಗಿ ಹೀಗೆ: ಯುಟಿಜಿ (ಮೊದಲು ಆಡುವ ಸೀಟು), ಹೈಜಾಕ್, ಕಟ್‌ಆಫ್, ಬಟನ್, ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್. ನಿಮಗಿಂತ ಮುಂಚೆ ಎಲ್ಲರೂ ಫೋಲ್ಡ್ ಮಾಡಿದ್ದಾರೆ ಅಂದುಕೊಂಡು ಒಂದೊಂದು ಸೀಟಿಗೆ ಒಂದೊಂದು ಪುಟ ಬರೆಯಿರಿ.

ಯುಟಿಜಿ, 14ರಿಂದ 17%. 5-5ರಿಂದ ಮೇಲಿನ ಜೋಡಿಗಳು, ಎಕ್ಕ ಇರುವ ಸೂಟೆಡ್ (ಎರಡೂ ಎಲೆ ಒಂದೇ ಸೂಟ್) ಕೈಗಳು, ರಾಜ-9 ಸೂಟೆಡ್ ಮತ್ತು ಮೇಲಿನವು, ರಾಣಿ-10, ಗುಲಾಮ-10, 10-9 ಸೂಟೆಡ್. ಆಫ್‌ಸೂಟ್‌ನಲ್ಲಿ ಎಕ್ಕ-ಗುಲಾಮದಿಂದ ಮೇಲೆ, ಜೊತೆಗೆ ರಾಜ-ರಾಣಿ. ಎಣಿಸಿ ನೋಡಿದರೆ 1326 ಜೋಡಣೆಗಳಲ್ಲಿ ಇವು ಸುಮಾರು 190. ಸಣ್ಣ ಸ್ಟೇಕ್‌ನಲ್ಲಿ (ಕಡಿಮೆ ದುಡ್ಡಿನ ಆಟದಲ್ಲಿ) ಇಷ್ಟೇ ಸಾಕು.

ಹೈಜಾಕ್, 20% ಆಸುಪಾಸು. ಎಕ್ಕ-10, ರಾಜ-ಗುಲಾಮ ಆಫ್‌ಸೂಟ್, ಇನ್ನೂ ಸಣ್ಣ ಒಂದೆರಡು ಜೋಡಿ, 9-8 ಸೂಟೆಡ್ ಸೇರಿಸಿ.

ಕಟ್‌ಆಫ್, 26ರಿಂದ 28%. ಎಲ್ಲ ಜೋಡಿಗಳು, 8-7 ಮತ್ತು 7-6 ಸೂಟೆಡ್, ರಾಜ-10 ಹಾಗೂ ರಾಣಿ-ಗುಲಾಮ ಆಫ್‌ಸೂಟ್ ಇಲ್ಲಿಂದ ಒಳಗೆ ಬರುತ್ತವೆ.

ಬಟನ್, 42ರಿಂದ 48%. ಹತ್ತಿರ ಹತ್ತಿರ ಅರ್ಧ ಕಟ್ಟು! ಸೂಟೆಡ್ ಕೈಗಳಲ್ಲಿ ತೀರಾ ಕಳಪೆಯವನ್ನು ಬಿಟ್ಟು ಎಲ್ಲ, ಹೆಚ್ಚುಕಡಿಮೆ ಎಲ್ಲ ಎಕ್ಕ ಆಫ್‌ಸೂಟ್, ರಾಜ-8, ರಾಣಿ-9, ಗುಲಾಮ-9, 10-9 ಆಫ್‌ಸೂಟ್ ತನಕ.

ಈ ಹಂತದಲ್ಲಿ ಜನ ಎಡವುವುದು ಬಟನ್‌ನಲ್ಲೇ. ರಾಜ-8 ಆಫ್‌ಸೂಟ್ ಕೈಗೆ ಬಂದರೆ ಮನಸ್ಸು ಒಪ್ಪುವುದಿಲ್ಲ. ಚಾರ್ಟ್ ಬಾಯಿಪಾಠ ಆಗುವವರೆಗೆ ಪುಕ್ಕಟೆ ಚಿಪ್ಸ್ ಟೇಬಲ್‌ನಲ್ಲಿ ಬಟನ್ ಕೈ ಬಂದಾಗ ಮಾತ್ರ ಆಡಿ. ಉಳಿದೆಲ್ಲ ಕೈ ಫೋಲ್ಡ್ ಮಾಡಿ. ಬೋರ್ ಹೊಡೆಯುತ್ತದೆ, ಆದರೆ ಅಭ್ಯಾಸ ಬೇಗ ಕೂರುತ್ತದೆ.

ಎಚ್ಚರಿಕೆ: ಸಣ್ಣ ಜೋಡಿಗಳಿಗೆ ಮಾರುಹೋಗಬೇಡಿ. ಫ್ಲಾಪ್‌ನಲ್ಲಿ (ಮಧ್ಯೆ ಬೀಳುವ ಮೊದಲ ಮೂರು ಎಲೆ) ಸೆಟ್, ಅಂದರೆ ನಿಮ್ಮ ಜೋಡಿಗೆ ಮೂರನೆಯ ಎಲೆ, ಬರುವುದು 12%ಕ್ಕಿಂತ ತುಸು ಕಡಿಮೆ, ಅಂದರೆ ಎಂಟೂವರೆ ಸಲಕ್ಕೆ ಒಮ್ಮೆ. ಎದುರಾಳಿಯ ರೇಂಜ್ ಅಗಲ ಇರುವುದರಿಂದ ಸೆಟ್ ಬಂದಾಗಲೂ ಅವನ ಬಳಿ ದುಡ್ಡು ಹಾಕುವಂಥ ಕೈ ಕಡಿಮೆ ಇರುತ್ತದೆ. 3-3 ಹಿಡಿದು ದೊಡ್ಡ ತ್ರೀ-ಬೆಟ್ (ಮೊದಲ ರೇಝ್ ಮೇಲೆ ಮತ್ತೆ ರೇಝ್) ಕಾಲ್ ಮಾಡುವುದು ನಿಧಾನವಾಗಿ ರಕ್ತ ಸೋರುವ ಗಾಯ.

## ಹಂತ 3: ರೇಝ್‌ನ ಗಾತ್ರ

ಎಲ್ಲರಿಗಿಂತ ಮೊದಲು ಒಳಬರುತ್ತಿದ್ದರೆ ರೇಝ್ ಮಾಡಿಯೇ ಬನ್ನಿ. ಲಿಂಪ್ (ರೇಝ್ ಮಾಡದೆ ಬಿಗ್ ಬ್ಲೈಂಡ್‌ನಷ್ಟೇ ಹಾಕಿ ಒಳಬರುವುದು) ಬೇಡ. ಸ್ಮಾಲ್ ಬ್ಲೈಂಡ್‌ನ ಲೆಕ್ಕ ಬೇರೆ, ಅದು 5ನೇ ಹಂತದಲ್ಲಿದೆ. ಉಳಿದ ಸೀಟುಗಳಲ್ಲಿ ಗಾತ್ರ 2 ರಿಂದ 2.5 ಬಿಬಿ.

ಬಟನ್‌ನಿಂದ 2.5 ಹಾಕಿದಾಗ 1.5 ಗೆಲ್ಲಲು 2.5 ಪಣಕ್ಕಿಡುತ್ತೀರಿ. ಇಬ್ಬರೂ ಒಟ್ಟಿಗೆ 62.5% ಸಲ ಫೋಲ್ಡ್ ಮಾಡಿದರೆ, ಕೈಯಲ್ಲಿ ಏನೇ ಇರಲಿ, ಲೆಕ್ಕ ಸರಿಹೋಗುತ್ತದೆ. 2 ಬಿಬಿ ಹಾಕಿದರೆ 57% ಸಾಕು. 3 ಹಾಕಿದರೆ 67% ಬೇಕು. ಬ್ಲೈಂಡ್‌ನಲ್ಲಿ ಕೂತವರು ಬಿಗಿ ಇದ್ದರೆ ಗಾತ್ರ ಸಣ್ಣದಿರಲಿ. ಎಲ್ಲದಕ್ಕೂ ಕಾಲ್ ಮಾಡುವ ಅಣ್ಣ ಕೂತಿದ್ದರೆ 3ಕ್ಕೆ ಏರಿಸಿ, ರೇಂಜ್‌ನ ಕೆಳಗಿನ ಕಳಪೆ ಕೈಗಳನ್ನು ಕತ್ತರಿಸಿ. ಆದರೆ ಒಳ್ಳೆ ಕೈಗೆ 3, ಕೆಟ್ಟ ಕೈಗೆ 2 ಅಂತ ಒಂದೇ ಸೀಟಿನಲ್ಲಿ ಬದಲಿಸಬೇಡಿ. ಆರು ಜನರ ಟೇಬಲ್‌ನಲ್ಲಿ ಅದನ್ನು ಅರ್ಧ ಗಂಟೆಯಲ್ಲಿ ಓದಿಬಿಡುತ್ತಾರೆ.

## ಹಂತ 4: ಬಿಗ್ ಬ್ಲೈಂಡ್ ಕಾಪಾಡಿಕೊಳ್ಳುವುದು

ಇದಕ್ಕೆ ಉಳಿದೆಲ್ಲ ಹಂತಕ್ಕಿಂತ ಜಾಸ್ತಿ ಸಮಯ ಕೊಡಿ. ಆರು ಕೈಗೆ ಒಂದು ಸಲ ಈ ಸೀಟು ಬಂದೇ ಬರುತ್ತದೆ.

ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ಇಲ್ಲಿ ನೀವು ನಷ್ಟದಲ್ಲೇ ಇರುತ್ತೀರಿ. ತುಂಬ ಚೆನ್ನಾಗಿ ಆಡುವವರೂ ಇರುತ್ತಾರೆ. ಪ್ರತಿ ಕೈ ಫೋಲ್ಡ್ ಮಾಡಿದರೆ ಈ ಸೀಟಿನಲ್ಲಿ 100 ಕೈಗೆ 100 ಬಿಬಿ ಹೋಗುತ್ತದೆ. ಅದನ್ನು 40ಕ್ಕೋ 50ಕ್ಕೋ ಇಳಿಸಿದರೆ ಅದೇ ಸಂಪಾದನೆ.

ರಮ್ಮಿ ಆಡಿ ಬಂದವರಿಗೆ ಈ ಸೀಟು ಕಷ್ಟ. 101 ಪೂಲ್‌ನಲ್ಲಿ ಕೆಟ್ಟ ಎಲೆ ಬಂದರೆ ಮೊದಲ ಸರದಿಯಲ್ಲೇ ಡ್ರಾಪ್ ಮಾಡಿ 20 ಅಂಕಕ್ಕೆ ಮುಗಿಸುವುದು ಜಾಣತನ. ಎಲೆ ಬಿಡುವ ಅದೇ ಅಭ್ಯಾಸ ಇಲ್ಲೂ ಮುಂದಾಗುತ್ತದೆ. ಆದರೆ ಬಿಗ್ ಬ್ಲೈಂಡ್‌ಗೆ ಫ್ಲಾಪ್ ನೋಡಲು ರಿಯಾಯಿತಿ ದರ ಇದೆ. ಬಟನ್ 2.5 ಮಾಡಿ, ಸ್ಮಾಲ್ ಬ್ಲೈಂಡ್ ಹೋದ ಮೇಲೆ ಪಾಟ್‌ನಲ್ಲಿ (ಮಧ್ಯೆ ಸೇರಿದ ಒಟ್ಟು ಪಣ) 4 ಬಿಬಿ ಇರುತ್ತದೆ. ನೀವು ಸೇರಿಸಬೇಕಾದದ್ದು 1.5 ಮಾತ್ರ. 5.5ರಲ್ಲಿ 1.5 ಅಂದರೆ 27% ಬಲ ಸಾಕು. ಬಟನ್ 2 ಮಾತ್ರ ಹಾಕಿದರೆ 22%. 3 ಹಾಕಿದರೆ 31%.

ಹಾಗಂತ ಎಲ್ಲದಕ್ಕೂ ಕಾಲ್ ಅಲ್ಲ. 7-2 ಆಫ್‌ಸೂಟ್‌ಗೂ ಯಾವುದೋ ಒಂದು ಕೈಯ ಎದುರು ಸುಮಾರು 35% ಬಲ ಇದೆ! ಕಾಗದದ ಮೇಲೆ ಆಡಬಹುದು ಅನಿಸುತ್ತದೆ. ಆದರೆ ಆ ಬಲವನ್ನು ರಿವರ್‌ವರೆಗೆ (ಐದನೆಯ, ಕೊನೆಯ ಎಲೆ) ಹೊತ್ತುಕೊಂಡು ಹೋಗಲು ಎದುರಿನವನು ಬಿಡಬೇಕಲ್ವಾ? ಮೂರು ಸುತ್ತಿನಲ್ಲೂ ನೀವೇ ಮೊದಲು ಆಡಬೇಕು. ಸೂಟೆಡ್ ಕೈಗಳು, ಪಕ್ಕಪಕ್ಕದ ಎಲೆಗಳು ಕಾಗದದ ಬಲವನ್ನು ಹೆಚ್ಚು ಉಳಿಸಿಕೊಳ್ಳುತ್ತವೆ. ಯಾಕೆಂದರೆ ಫ್ಲಾಪ್‌ನಲ್ಲಿ ಡ್ರಾ ಸಿಕ್ಕಿ ಮುಂದುವರಿಯಬಹುದು. ಡ್ರಾ ಅಂದರೆ ಇನ್ನೊಂದು ಎಲೆ ಬಂದರೆ ಫ್ಲಶ್ (ಒಂದೇ ಸೂಟಿನ ಐದು ಎಲೆ) ಅಥವಾ ಸ್ಟ್ರೈಟ್ (ಕ್ರಮವಾಗಿ ಐದು ಎಲೆ) ಆಗುವ ಕೈ. ರಾಜ-4 ಆಫ್‌ಸೂಟ್‌ಗೆ ಆ ಭಾಗ್ಯ ಇಲ್ಲ.

ಬಟನ್‌ನ 2.5 ಬಿಬಿ ರೇಝ್‌ಗೆ ಕೆಲಸಕ್ಕೆ ಬರುವ ಸೂತ್ರ ಇದು:

1. ತ್ರೀ-ಬೆಟ್ ಮಾಡುವ ಕೈಗಳನ್ನು ಮೊದಲು ಬೇರೆ ಮಾಡಿ. ಅದು 6ನೇ ಹಂತ.
2. ಉಳಿದವುಗಳಲ್ಲಿ ಎಲ್ಲ ಜೋಡಿ, ಸೂಟೆಡ್ ಎಕ್ಕ, ರಾಜ, ರಾಣಿ, 7-5 ಮತ್ತು 6-4ರಂಥ ಒಂದು ಎಲೆ ಬಿಟ್ಟ ಸೂಟೆಡ್ ಕೈಗಳಿಗೆ ಕಾಲ್.
3. ಆಫ್‌ಸೂಟ್‌ನಲ್ಲಿ ಎಕ್ಕ-5, ರಾಜ-9, ರಾಣಿ-9, 10-9ರಂಥವಕ್ಕೆ ಕಾಲ್.
4. ರಾಜ-4, ರಾಣಿ-6, ಗುಲಾಮ-5 ಆಫ್‌ಸೂಟ್ ಬಿಡಿ. ಚಿತ್ರದ ಎಲೆ ಇದೆ ಅನ್ನುವುದು ಕಾರಣ ಅಲ್ಲ.

ಒಟ್ಟು 40ರಿಂದ 50% ಕೈಗಳಲ್ಲಿ ಬ್ಲೈಂಡ್ ಕಾಯುತ್ತೀರಿ, ಅಂದರೆ ಫೋಲ್ಡ್ ಮಾಡದೆ ಮುಂದುವರಿಯುತ್ತೀರಿ. ರೇಝ್ ಬಂದದ್ದು ಯುಟಿಜಿಯಿಂದಾದರೆ ಮೂರನೇ ಸಾಲನ್ನು ಹತ್ತಿರ ಹತ್ತಿರ ಪೂರ್ತಿ ಹೊಡೆದುಹಾಕಿ. ಯಾರು ರೇಝ್ ಮಾಡಿದರು ಅಂತ ನೋಡದೆ "ಬ್ಲೈಂಡ್ ಕಾಯಬೇಕು" ಅಂತ ಕಾಲ್ ಮಾಡುವುದು ಈ ಹಂತದ ಅತಿ ದುಬಾರಿ ತಪ್ಪು.

## ಹಂತ 5: ಸ್ಮಾಲ್ ಬ್ಲೈಂಡ್‌ನಲ್ಲಿ ಕಾಲ್ ಮಾಡುವುದನ್ನು ಮರೆತುಬಿಡಿ

"ಹೇಗೂ ಅರ್ಧ ಹಾಕಿದ್ದೇನೆ" ಅನ್ನುವ ಯೋಚನೆಯೇ ಬಲೆ. ಫ್ಲಾಪ್ ನಂತರ ನೀವೇ ಮೊದಲು ಆಡಬೇಕು. ಹಿಂದೆ ಬಿಗ್ ಬ್ಲೈಂಡ್ ಇನ್ನೂ ಕೂತಿದ್ದಾನೆ, ಅವನು ಮೇಲೆ ರೇಝ್ ಮಾಡಿದರೆ ಹಾಕಿದ್ದೂ ಹೋಯಿತು. ಮೂರನೆಯ ಕಾರಣ ರೇಕ್, ಅಂದರೆ ಆಟ ನಡೆಸುವವರು ಪಾಟ್‌ನಿಂದ ತೆಗೆಯುವ ಪಾಲು. ಹೆಚ್ಚಿನ ಕಡೆ ಫ್ಲಾಪ್ ಬರದಿದ್ದರೆ ರೇಕ್ ಕತ್ತರಿಸುವುದಿಲ್ಲ. ತ್ರೀ-ಬೆಟ್ ಮಾಡಿ ಅಲ್ಲೇ ಗೆದ್ದ ಪಾಟ್ ಪೂರ್ತಿ ನಿಮ್ಮದು. ಕಾಲ್ ಮಾಡಿ ಗೆದ್ದ ಸಣ್ಣ ಪಾಟ್‌ನಲ್ಲಿ ಆ ಪಾಲು ಇದ್ದೇ ಇರುತ್ತದೆ.

ಹಾಗಾಗಿ ಯಾರಾದರೂ ರೇಝ್ ಮಾಡಿದ ಮೇಲೆ ಸ್ಮಾಲ್ ಬ್ಲೈಂಡ್‌ನಲ್ಲಿ ಎರಡೇ ದಾರಿ: ತ್ರೀ-ಬೆಟ್ ಅಥವಾ ಫೋಲ್ಡ್. ಸಾಲ್ವರ್ ಕೆಲವು ಕೈಗಳಿಗೆ ಕಾಲ್ ತೋರಿಸುತ್ತದೆ. ಕಲಿಯುವ ಹಂತದಲ್ಲಿ ಅದನ್ನು ಕಡೆಗಣಿಸಿ, ನಷ್ಟವೇನಿಲ್ಲ.

ಎಲ್ಲರೂ ಫೋಲ್ಡ್ ಮಾಡಿ ನಿಮ್ಮಿಬ್ಬರೇ ಉಳಿದರೆ 3 ಬಿಬಿಗೆ ರೇಝ್ ಮಾಡಿ, ಸುಮಾರು 40% ಕೈಗಳಲ್ಲಿ.

## ಹಂತ 6: ತ್ರೀ-ಬೆಟ್ ಕಟ್ಟುವುದು

ದೊಡ್ಡ ಟೇಬಲ್‌ನಿಂದ ಬಂದವರ ತ್ರೀ-ಬೆಟ್ ಅಂದರೆ ರಾಣಿ ಜೋಡಿ, ರಾಜ ಜೋಡಿ, ಎಕ್ಕ ಜೋಡಿ, ಎಕ್ಕ-ರಾಜ. ಎಣಿಸಿದರೆ 34 ಜೋಡಣೆ, 2.6%. ಇಲ್ಲಿ ಒಟ್ಟಾರೆ 7ರಿಂದ 10% ಬೇಕು.

ಹೆಚ್ಚುವರಿ ಕೈಗಳು ಎಲ್ಲಿಂದ? ಬಟನ್‌ನ ಅಗಲ ರೇಂಜ್ ಎದುರು 10-10, ಗುಲಾಮ ಜೋಡಿ, ಎಕ್ಕ-ರಾಣಿ, ರಾಜ-ರಾಣಿ ಸೂಟೆಡ್ ಎಲ್ಲವೂ ದುಡ್ಡಿಗಾಗಿಯೇ ತ್ರೀ-ಬೆಟ್. ಬ್ಲಫ್ ಭಾಗಕ್ಕೆ ಎಕ್ಕ-5, ಎಕ್ಕ-4 ಸೂಟೆಡ್ ಹೇಳಿ ಮಾಡಿಸಿದ ಕೈಗಳು. ನಿಮ್ಮ ಬಳಿ ಒಂದು ಎಕ್ಕ ಇದ್ದರೆ ಎದುರಿನವನ ಎಕ್ಕ ಜೋಡಿ 6 ಜೋಡಣೆಯಿಂದ 3ಕ್ಕೆ ಇಳಿಯುತ್ತದೆ, ಎಕ್ಕ-ರಾಜ 16ರಿಂದ 12ಕ್ಕೆ. ಮೇಲೆ ಹೇಳಿದ 34 ಈಗ 27. ಅವನು ಕಾಲ್ ಮಾಡಿದರೂ ನಿಮ್ಮ ಕೈಗೆ ಫ್ಲಶ್, ಸ್ಟ್ರೈಟ್ ಎರಡರ ದಾರಿಯೂ ತೆರೆದಿರುತ್ತದೆ.

ಗಾತ್ರ: ಫ್ಲಾಪ್ ನಂತರ ನೀವು ಕೊನೆಗೆ ಆಡುವವರಾದರೆ ರೇಝ್‌ನ ಮೂರು ಪಟ್ಟು, 2.5ಕ್ಕೆ 7.5 ಅಥವಾ 8. ಬ್ಲೈಂಡ್‌ನಿಂದಾದರೆ ನಾಲ್ಕು ಪಟ್ಟಿಗಿಂತ ಮೇಲೆ, 10ರಿಂದ 12. ಬ್ಲೈಂಡ್‌ನಿಂದ 7 ಹಾಕಿ ಕೂತರೆ ಎದುರಿನವನಿಗೆ ಸಂತೋಷ. ಕಡಿಮೆ ದರ, ಒಳ್ಳೆಯ ಸೀಟು, ಫೋಲ್ಡ್ ಯಾಕೆ ಮಾಡ್ತಾನೆ?

ಎಚ್ಚರಿಕೆ: ಎದುರಾಳಿ ತ್ರೀ-ಬೆಟ್‌ಗೆ ಫೋಲ್ಡ್ ಮಾಡುವುದೇ ಇಲ್ಲ ಅಂತ ಗೊತ್ತಾದ ದಿನ ಎಕ್ಕ-5ನ್ನು ಪಟ್ಟಿಯಿಂದ ತೆಗೆದು, ಎಕ್ಕ-ಗುಲಾಮ, ರಾಜ-ಗುಲಾಮ ಸೂಟೆಡ್ ಸೇರಿಸಿ. ಬಿಡದವನ ಮೇಲೆ ಬ್ಲಫ್ ಮಾಡುವುದು ಶೂರತನ ಅಲ್ಲ.

## ಹಂತ 7: ಫ್ಲಾಪ್ ಓದುವುದು

ಜೋಡಿ ಅಲ್ಲದ ಕೈಗೆ ಫ್ಲಾಪ್‌ನಲ್ಲಿ ಜೋಡಿ ಅಥವಾ ಅದಕ್ಕಿಂತ ಒಳ್ಳೆಯದು ಸಿಗುವುದು ಸುಮಾರು 32% ಸಲ. ಚಿಕ್ಕ ಟೇಬಲ್‌ನಲ್ಲಿ ಹೆಚ್ಚಿನ ಪಾಟ್‌ಗಳು ಇಬ್ಬರ ನಡುವೆ. ಅಂದರೆ ಮೂರರಲ್ಲಿ ಎರಡು ಸಲ ಎದುರಿನವನಿಗೂ ಏನೂ ಸಿಕ್ಕಿರುವುದಿಲ್ಲ.

ಬಟನ್‌ನಿಂದ ರೇಝ್, ಬಿಗ್ ಬ್ಲೈಂಡ್ ಕಾಲ್, ಪಾಟ್ 5.5 ಬಿಬಿ. ಫ್ಲಾಪ್ ರಾಜ-7-2, ಮೂರೂ ಬೇರೆ ಬೇರೆ ಸೂಟ್. ಇಲ್ಲಿ ದೊಡ್ಡ ಕೈಗಳು ನಿಮ್ಮ ಬಳಿಯೇ ಜಾಸ್ತಿ, ಯಾಕೆಂದರೆ ಎಕ್ಕ-ರಾಜ, ರಾಜ ಜೋಡಿ ಅವನ ಬಳಿ ಇದ್ದಿದ್ದರೆ ತ್ರೀ-ಬೆಟ್ ಮಾಡಿರುತ್ತಿದ್ದ. ಪಾಟ್‌ನ ಮೂರನೇ ಒಂದು ಭಾಗ, ಸುಮಾರು 1.8 ಬಿಬಿ ಹಾಕಿ. ನಾಲ್ಕರಲ್ಲಿ ಒಂದು ಸಲ ಅವನು ಬಿಟ್ಟರೂ ಬೆಟ್‌ನ ಲೆಕ್ಕ ಸರಿಹೋಗುತ್ತದೆ. ಬಹುತೇಕ ಎಲ್ಲ ಕೈಯಲ್ಲೂ ಹಾಕಬಹುದು.

ಈಗ ಫ್ಲಾಪ್ 8-7-6, ಎರಡು ಒಂದೇ ಸೂಟ್. ಇದು ಅವನ ಫ್ಲಾಪ್. 10-9, 9-5, 8-7ರಂಥ ಕೈಗಳನ್ನು ಬ್ಲೈಂಡ್‌ನಿಂದ ಕಾದವನು ಅವನು. ನಿಮ್ಮ ಎಕ್ಕ-ರಾಣಿಗೆ ಇಲ್ಲಿ ಮರ್ಯಾದೆ ಇಲ್ಲ. ಚೆಕ್ ಮಾಡಿ (ಬೆಟ್ ಹಾಕದೆ ಸರದಿ ದಾಟಿಸಿ), ಪುಕ್ಕಟೆ ಟರ್ನ್ (ನಾಲ್ಕನೆಯ ಎಲೆ) ನೋಡಿ. "ರೇಝ್ ಮಾಡಿದವನೇ ಬೆಟ್ ಮಾಡಬೇಕು" ಅಂತ ಕಣ್ಣುಮುಚ್ಚಿ ಹಾಕುವವರು ಗೆದ್ದ ಸಣ್ಣ ಪಾಟ್‌ಗಳನ್ನೆಲ್ಲ ಇಂಥ ಫ್ಲಾಪ್‌ಗಳಲ್ಲಿ ವಾಪಸ್ ಕೊಡುತ್ತಾರೆ.

ತ್ರೀ-ಬೆಟ್ ಆದ ಪಾಟ್‌ನಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಸಾಮಾನ್ಯ ಪಾಟ್‌ನಲ್ಲಿ 5.5ಕ್ಕೆ ಹಿಂದೆ 97.5 ಉಳಿದಿರುತ್ತದೆ, ಸುಮಾರು 18 ಪಟ್ಟು. ಬಿಗ್ ಬ್ಲೈಂಡ್ 11ಕ್ಕೆ ಏರಿಸಿ ಬಟನ್ ಕಾಲ್ ಮಾಡಿದರೆ ಪಾಟ್ 22.5, ಉಳಿದದ್ದು 89, ಬರೀ 4 ಪಟ್ಟು. 4 ಪಟ್ಟಿನಲ್ಲಿ ಟಾಪ್ ಜೋಡಿ (ಮಧ್ಯದ ಅತಿ ದೊಡ್ಡ ಎಲೆಯ ಜೋಡಿ), ಒಳ್ಳೆ ಕಿಕ್ಕರ್ (ಜೊತೆಗಿರುವ ಇನ್ನೊಂದು ಎಲೆ) ಇದ್ದರೆ ಸ್ಟ್ಯಾಕ್ ಒಳಗೆ ಹೋಗುವುದು ಸಹಜ. 18 ಪಟ್ಟಿನಲ್ಲಿ ಅದೇ ಕೈಗೆ ಸ್ಟ್ಯಾಕ್ ಹಾಕಿದರೆ ಎದುರಿಗೆ ಸೆಟ್ಟೋ ಎರಡು ಜೋಡಿಯೋ ಇರುತ್ತದೆ.

## ಹಂತ 8: ಟರ್ನ್, ರಿವರ್

ಒಂದು ಜೋಡಿಯ ಬೆಲೆ ಇಲ್ಲಿ ಏರಿದೆ. ಬಟನ್‌ನಲ್ಲಿ ರಾಜ-10, ಬೋರ್ಡ್ (ಮಧ್ಯದ ಎಲೆಗಳು) ರಾಜ-7-2-4. ಒಂಬತ್ತು ಜನರ ಟೇಬಲ್‌ನಲ್ಲಿ ಯುಟಿಜಿ ರೇಝ್ ಎದುರು ಇದು ಹೆದರಿ ಆಡುವ ಕೈ. ಬಿಗ್ ಬ್ಲೈಂಡ್‌ನ ಅಗಲ ರೇಂಜ್ ಎದುರು ಇದಕ್ಕೆ ಎರಡು ಸುತ್ತು ದುಡ್ಡು ಕೇಳಬೇಕು. 7ರ ಜೋಡಿ, ಸಣ್ಣ ಕಿಕ್ಕರ್‌ನ ರಾಜ, ಪಾಕೆಟ್ 9 ಎಲ್ಲವೂ ಕಾಲ್ ಮಾಡುತ್ತವೆ. ಟರ್ನ್‌ನಲ್ಲಿ ಸುಮ್ಮನೆ ಚೆಕ್ ಮಾಡಿ "ಪಾಟ್ ಸಣ್ಣದಿರಲಿ" ಅನ್ನುವುದು ಹಳೇ ಟೇಬಲ್‌ನ ಭಯ.

ಡ್ರಾ ಹಿಡಿದಿದ್ದರೆ ಟರ್ನ್‌ನಿಂದ ರಿವರ್‌ಗೆ ಫ್ಲಶ್ ಬರುವುದು 46 ಎಲೆಗಳಲ್ಲಿ 9, ಸುಮಾರು 20%. ಎರಡೂ ಕಡೆ ತೆರೆದ ಸ್ಟ್ರೈಟ್ 17%. ಅರ್ಧ ಪಾಟ್ ಬೆಟ್‌ಗೆ ಕಾಲ್ ಮಾಡಲು 25% ಬೇಕು. ಬರಿ ಡ್ರಾ ಸಾಲದು, ಬಂದ ಮೇಲೆ ಇನ್ನಷ್ಟು ಗೆಲ್ಲುವ ದಾರಿ ಕಾಣಬೇಕು.

ಇನ್ನು ಜನ ಅತಿ ಹೆಚ್ಚು ದುಡ್ಡು ಸುರಿಯುವ ಜಾಗ. "ಚಿಕ್ಕ ಟೇಬಲ್‌ನಲ್ಲಿ ಎಲ್ಲರೂ ಬ್ಲಫ್ ಮಾಡುತ್ತಾರೆ" ಅಂತ ನಂಬಿ ರಿವರ್‌ನ ದೊಡ್ಡ ರೇಝ್‌ಗೆ ಒಂದು ಜೋಡಿ ಹಿಡಿದು ಕಾಲ್. ಸಣ್ಣ ಸ್ಟೇಕ್‌ನಲ್ಲಿ, ಅಷ್ಟೊತ್ತು ಬರೀ ಕಾಲ್ ಮಾಡುತ್ತಿದ್ದವನು ರಿವರ್‌ನಲ್ಲಿ ಏಕಾಏಕಿ ರೇಝ್ ಮಾಡಿದರೆ ಅವನ ಬಳಿ ಕೈ ಇದೆ. ಫೋಲ್ಡ್ ಮಾಡಿ. ಫ್ಲಾಪ್‌ಗೆ ಮುಂಚೆ ರೇಂಜ್ ಅಗಲ ಆಗಿದೆ ನಿಜ, ರಿವರ್ ರೇಝ್‌ನ ರೇಂಜ್ ಅಗಲ ಆಗಿಲ್ಲ.

## ಹಂತ 9: ಲೆಕ್ಕದ ಪುಸ್ತಕ ಮತ್ತು ಅಪಾಯದ ಗುರುತುಗಳು

ಕೆಲವು ಸಾವಿರ ಕೈ ಆದ ಮೇಲೆ ದಾಖಲೆ ತೆರೆದು ಇವನ್ನು ನೋಡಿ. ಲೈವ್ ಆಟದಲ್ಲಾದರೆ ನೋಟ್‌ಬುಕ್‌ನಲ್ಲಿ ಅಂದಾಜು ಸಾಕು.

- ದುಡ್ಡು ಹಾಕಿ ಒಳಬರುವ ಪ್ರಮಾಣ 22ರಿಂದ 27%, ರೇಝ್ ಮಾಡಿ ಬರುವುದು 18ರಿಂದ 23% ಇರಬೇಕು. ಎರಡರ ಅಂತರ 6ಕ್ಕಿಂತ ಜಾಸ್ತಿ ಇದ್ದರೆ ಕಾಲ್ ರೋಗ ಹಿಡಿದಿದೆ.
- ಯುಟಿಜಿ ಮತ್ತು ಬಟನ್‌ನ ಪ್ರಮಾಣ ಹತ್ತಿರ ಹತ್ತಿರ ಇದ್ದರೆ 2ನೇ ಹಂತಕ್ಕೆ ವಾಪಸ್ ಹೋಗಿ. ಬಟನ್ ಎರಡೂವರೆ ಪಟ್ಟಾದರೂ ಇರಬೇಕು.
- ಸ್ಮಾಲ್ ಬ್ಲೈಂಡ್‌ನಲ್ಲಿ 100 ಕೈಗೆ 50 ಬಿಬಿಗಿಂತ ಜಾಸ್ತಿ ಹೋಗುತ್ತಿದ್ದರೆ, ಎಲ್ಲ ಕೈ ಫೋಲ್ಡ್ ಮಾಡಿದ್ದರೂ ನಿಮಗೆ ಲಾಭವಿತ್ತು.

ಗೆಲುವು-ಸೋಲಿನ ಅಂಕಿಯನ್ನು ಮಾತ್ರ ಬೇಗ ನಂಬಬೇಡಿ. ಆರು ಜನರ ಆಟದಲ್ಲಿ ಏರಿಳಿತ 100 ಕೈಗೆ ಸಾಮಾನ್ಯವಾಗಿ 80ರಿಂದ 100 ಬಿಬಿ. 90 ಅಂತ ಹಿಡಿದರೆ 10,000 ಕೈ ಆಡಿದ ಮೇಲೂ ನಿಮ್ಮ ಸರಾಸರಿ 100 ಕೈಗೆ 9 ಬಿಬಿಯಷ್ಟು ಆಚೀಚೆ ತೂಗಬಹುದು. ಒಂದು ಲಕ್ಷ ಕೈ ಆದಮೇಲೂ ಸುಮಾರು 3. 50 ಬೈ-ಇನ್ ಅಂದದ್ದು ಇದಕ್ಕೇ. ಸೋತ ದುಡ್ಡು ಇವತ್ತೇ ವಾಪಸ್ ಬರಬೇಕು ಅನಿಸಿತಾ, ಸಾಲ ಕೇಳುವ ಯೋಚನೆ ಬಂತಾ, ಮನೆಯಲ್ಲಿ ಆಡಿದ ಹೊತ್ತನ್ನು ಕಡಿಮೆ ಹೇಳಿದಿರಾ? ಇವು ರೇಂಜ್ ತಿದ್ದಿದರೆ ಹೋಗುವ ಗುರುತುಗಳಲ್ಲ. ಆಟ ನಿಲ್ಲಿಸಿ, ನಂಬಿಕಸ್ಥರ ಹತ್ತಿರ ಮಾತಾಡಿ.

## ಹಂತ 10: ಸೀಟು ಆರಿಸುವುದು, ಟೇಬಲ್ ಇನ್ನೂ ಚಿಕ್ಕದಾದರೆ

ಎಡಗಡೆ ಕೂತ ಇಬ್ಬರು ಯಾರು ಅನ್ನುವುದು ಇಲ್ಲಿ ಅರ್ಧ ಆಟ. ನೀವು ಬಟನ್ ಆದಾಗಲೆಲ್ಲ ಅವರೇ ಬ್ಲೈಂಡ್. ಅವರು ಬಿಗಿ ಇದ್ದರೆ ನಿಮಗೆ ಹಬ್ಬ. ಮೇಲಿಂದ ಮೇಲೆ ತ್ರೀ-ಬೆಟ್ ಮಾಡುವವನು ಎಡಕ್ಕಿದ್ದರೆ ಸೀಟು ಬದಲಿಸಿ, ಅವನು ಬಲಕ್ಕೆ ಬರುವ ಹಾಗೆ ಕೂರಿ. ಬದಲಿಸಲು ಆಗದಿದ್ದರೆ ಬಟನ್ ರೇಂಜ್ 35%ಕ್ಕೆ ಇಳಿಸಿ.

ಒಬ್ಬರು ಎದ್ದುಹೋಗಿ ಐವರಾದರೆ ಯುಟಿಜಿ ಪುಟ ಹರಿದುಹಾಕಿ, ಹೈಜಾಕ್‌ನಿಂದ ಶುರು ಮಾಡಿ. ನಾಲ್ವರಾದರೆ ಕಟ್‌ಆಫ್‌ನಿಂದ. ಮೂವರಾದರೆ ಬಟನ್ನೇ ಮೊದಲ ಸೀಟು. ಹೊಸದಾಗಿ ಕಲಿಯುವುದು ಏನೂ ಇಲ್ಲ, 2ನೇ ಹಂತದ ಪುಟಗಳೇ ಸಾಕು.

ಇಬ್ಬರೇ ಉಳಿದರೆ ಮಾತ್ರ ನಿಯಮ ತಿರುಗುತ್ತದೆ. ಬಟನ್‌ನಲ್ಲಿ ಇರುವವನೇ ಸ್ಮಾಲ್ ಬ್ಲೈಂಡ್ ಕಟ್ಟುತ್ತಾನೆ, ಫ್ಲಾಪ್‌ಗೆ ಮುಂಚೆ ಮೊದಲು ಆಡುತ್ತಾನೆ, ಆಮೇಲೆ ಕೊನೆಗೆ ಆಡುತ್ತಾನೆ. ಅಲ್ಲಿಂದ 80% ಕೈ ರೇಝ್ ಮಾಡಬಹುದು. ಅಭ್ಯಾಸ ಇಲ್ಲದಿದ್ದರೆ ಎದ್ದುಬಿಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಕ್ಯಾಸಿನೊದಲ್ಲಿ ಟೇಬಲ್ ನಾಲ್ವರಿಗೋ ಮೂವರಿಗೋ ಇಳಿದರೆ ಫ್ಲೋರ್ ಮ್ಯಾನೇಜರ್‌ನನ್ನು ಕರೆದು ರೇಕ್ ಇಳಿಸಲು ಕೇಳಿ. ಆಟ ಮುರಿದುಹೋಗದಿರಲಿ ಅಂತ ಅನೇಕ ಕಡೆ ಒಪ್ಪುತ್ತಾರೆ. ಒಪ್ಪದಿದ್ದರೆ ಬಟನ್ ನಿಮ್ಮನ್ನು ದಾಟುವವರೆಗೆ ಆಡಿ, ಮುಂದಿನ ಬಿಗ್ ಬ್ಲೈಂಡ್ ಕಟ್ಟುವ ಮೊದಲು ಚಿಪ್ಸ್ ಎತ್ತಿಕೊಳ್ಳಿ.